ಹವಳದ ತೊಟ್ಟಿಯಲ್ಲಿ ಪಾಚಿಯ ಲೆಕ್ಕ

ಹವಳದ ಅಕ್ವೇರಿಯಂ ಇಟ್ಟ ಐದನೇ ತಿಂಗಳಿಗೆ ನಮ್ಮ ಮನೆಗೆ ಪಾಚಿ ಬಂತು. ಬಂಡೆಯ ಒಂದು ಮೂಲೆಯಲ್ಲಿ ಎಳೆ ಗರಿಕೆಯಂತೆ ಕಾಣಿಸಿಕೊಂಡದ್ದು ಮೂರೇ ವಾರದಲ್ಲಿ ಇಡೀ ಬಂಡೆಯ ಮೇಲೆ ಕೂದಲಿನಂತೆ ಹಬ್ಬಿ ಹವಳಗಳ ಬುಡಕ್ಕೂ ಸುತ್ತಿಕೊಂಡಿತು. ನೀರು ಪರೀಕ್ಷಿಸಿದೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಕಿಟ್ ಕೆಟ್ಟಿರಬೇಕೆಂದು ಹೊಸದು ತಂದೆ. ಅದೂ ಸೊನ್ನೆಯನ್ನೇ ತೋರಿಸಿತು.

ಕಿಟ್ ಕೆಟ್ಟಿರಲಿಲ್ಲ. ಅದು ಅಳೆಯುವುದು ನೀರಿನಲ್ಲಿ ಮಿಕ್ಕಿದ್ದನ್ನು ಮಾತ್ರ. ಊಟ ಮುಗಿದು ತೊಳೆದಿಟ್ಟ ಪಾತ್ರೆ ನೋಡಿ ಈ ಮನೆಯಲ್ಲಿ ಅಡುಗೆಯೇ ಆಗಿಲ್ಲ ಎನ್ನಲಾದೀತೇ? ನೀರಿಗೆ ಬಂದ ಈ ಪೋಷಕ ಸಾರವನ್ನೆಲ್ಲ ಪಾಚಿ ಬಂದ ಹಾಗೆಯೇ ಹೀರಿಕೊಂಡಿತ್ತು. ಕಿಟ್ಟಿಗೆ ಕಾಣದ ಫಾಸ್ಫೇಟ್ ಬಂಡೆಯ ಮೇಲೆ ಹಸಿರಾಗಿ ಕಣ್ಣೆದುರೇ ಇತ್ತು.

ಹಾಗಾದರೆ ಅದು ಬಂದದ್ದೆಲ್ಲಿಂದ? ಮೀನಿಗೆ ಹಾಕುವ ಒಣ ಆಹಾರದಲ್ಲಿ ತೂಕದ ಸುಮಾರು ಶೇ. 1ರಷ್ಟು ರಂಜಕ (ಫಾಸ್ಫರಸ್) ಇರುತ್ತದೆ. ಒಂದು ಗ್ರಾಂ ಆಹಾರ ಎಂದರೆ 10 ಮಿಲಿಗ್ರಾಂ ರಂಜಕ. ಫಾಸ್ಫೇಟ್ ರೂಪದಲ್ಲಿ ಅದು ಸುಮಾರು 30 ಮಿಲಿಗ್ರಾಂ. ನಮ್ಮದು 200 ಲೀಟರಿನ ತೊಟ್ಟಿ. ಆ ಒಂದು ಗ್ರಾಂ ಪೂರ್ತಿ ಕರಗಿದರೆ ಲೀಟರಿಗೆ 0.15 ಮಿಲಿಗ್ರಾಂ ಏರುತ್ತದೆ. ಹವಳ ಬೆಳೆಯುವ ಕಡಲಿನ ಮೇಲ್ಪದರದ ನೀರಿನಲ್ಲಿ ಸಾಮಾನ್ಯವಾಗಿ ಇರುವುದು 0.05ಕ್ಕಿಂತ ಕಡಿಮೆ. ಒಂದೇ ದಿನದ ಒಂದು ಚಿಟಿಕೆ ಆಹಾರ ಕಡಲಿನ ಮಟ್ಟವನ್ನು ಎಷ್ಟೋ ಪಟ್ಟು ಮೀರಿಸಬಲ್ಲದು. ಇದರಲ್ಲಿ ಒಂದಿಷ್ಟು ಮೀನಿನ ಮೈಗೆ ಸೇರುತ್ತದೆ, ಒಂದಿಷ್ಟು ಕಸವಾಗಿ ಹೊರಹೋಗುತ್ತದೆ. ಆದರೂ ದಿನಕ್ಕೆ ಒಂದು ಗ್ರಾಂನಂತೆ ವರ್ಷವಿಡೀ ಹಾಕಿದರೆ ಎಷ್ಟಾಯಿತೆಂದು ನೀವೇ ಗುಣಿಸಿ ನೋಡಿ.

ಇನ್ನೊಂದು ದಾರಿ ನಲ್ಲಿ. ನಾನಿರುವುದು ಅಮೆರಿಕದಲ್ಲಿ. ಇಲ್ಲಿನ ಅನೇಕ ಊರುಗಳಲ್ಲಿ ಹಳೆಯ ಕೊಳವೆಗಳ ಸೀಸ ಕುಡಿಯುವ ನೀರಿಗೆ ಕರಗಿ ಬರದಿರಲಿ ಎಂದು ಫಾಸ್ಫೇಟನ್ನು ಬೇಕೆಂದೇ ಬೆರೆಸುತ್ತಾರೆ. ಜನರಿಗೆ ಅದರಿಂದ ಒಳ್ಳೆಯದೇ. ಆದರೆ ಆವಿಯಾದ ನೀರಿನ ಬದಲಿಗೆ ಅದನ್ನೇ ದಿನವೂ ತೊಟ್ಟಿಗೆ ಸುರಿದರೆ ಪಾಚಿಗೆ ಗೊಬ್ಬರ ಹಾಕಿದಂತೆ. ನೀರು ಆವಿಯಾಗುತ್ತದೆ, ಫಾಸ್ಫೇಟ್ ಆಗುವುದಿಲ್ಲ. ಆದ್ದರಿಂದ ಆರ್‌ಒ ಮಾಡಿ, ಅದರ ಮೇಲೆ ಡಿಅಯೊನೈಸ್ ಮಾಡಿದ, ಎಂದರೆ ಕರಗಿದ ಲವಣಗಳನ್ನೂ ತೆಗೆದ ನೀರನ್ನಷ್ಟೇ ಬಳಸಬೇಕು. ಇದರಲ್ಲಿ ರಾಜಿ ಬೇಡ.

ಹಸಿರು ಕಂಡದ್ದೆಲ್ಲ ಒಂದೇ ಪಾಚಿಯಲ್ಲ. ಹೊಸ ತೊಟ್ಟಿಯ ಮರಳಿನ ಮೇಲೆ ಹರಡುವ ಕಂದು ಪುಡಿ ಡಯಾಟಮ್; ನೀರಿನ ಸಿಲಿಕೇಟ್ ಮುಗಿದರೆ ಹೆಚ್ಚಾಗಿ ತಾನೇ ಹೋಗುತ್ತದೆ. ಕೆಂಪು ಲೋಳೆಯ ಹೊದಿಕೆಯಂತಿರುವುದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ನನಗೆ ಬೆರಗೆನಿಸುವುದು ವಲೋನಿಯಾ. ದ್ರಾಕ್ಷಿಯಷ್ಟು ದಪ್ಪ, ಗಾಜಿನ ಮಣಿಯಂತೆ ಮಿನುಗುವ ಆ ಹಸಿರು ಗುಳ್ಳೆ ಇಡಿಯಾಗಿ ಒಂದೇ ಒಂದು ಜೀವಕೋಶ! ಕೋಶ ನೋಡಲು ಸೂಕ್ಷ್ಮದರ್ಶಕ ಬೇಕೆಂದು ಶಾಲೆಯಲ್ಲಿ ಕಲಿತವರು ಇದನ್ನೊಮ್ಮೆ ಬೆರಳ ತುದಿಯಲ್ಲಿ ಹಿಡಿದು ನೋಡಬೇಕು.

ಗುಳ್ಳೆ ಪಾಚಿಯ ಮಾತು ಬಂದರೆ ಹವಾಯಿಯ ಕನಿಯೋಹೆ ಕೊಲ್ಲಿಯ ಕಥೆ ಹೇಳಲೇಬೇಕು. ಆ ಕೊಲ್ಲಿಗೆ ದಶಕಗಳ ಕಾಲ ಊರಿನ ಒಳಚರಂಡಿ ನೀರು ಬಂದು ಬೀಳುತ್ತಿತ್ತು. ವಲೋನಿಯಾದ ದಾಯಾದಿಯೇ ಆದ ಡಿಕ್ಟಿಯೋಸ್ಫೇರಿಯಾ ಎಂಬ ಹಸಿರು ಗುಳ್ಳೆ ಪಾಚಿ ಅಲ್ಲಿನ ಹವಳಗಳ ಮೇಲೆ ಕಂಬಳಿ ಹೊದಿಸಿದಂತೆ ಬೆಳೆಯಿತು. 1977-78ರಲ್ಲಿ ಕೊಳಚೆಯನ್ನು ಕೊಲ್ಲಿಯಿಂದಾಚೆಗೆ ತಿರುಗಿಸಿದರು. ಪಾಚಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಾರದ ಹರಿವು ನಿಂತರೂ ಎಷ್ಟೋ ವರ್ಷ ಉಳಿದುಕೊಂಡಿತ್ತು. 2006ರ ಮಾರ್ಚ್‌ನಲ್ಲಿ ವಾರಗಟ್ಟಲೆ ಮಳೆ ಸುರಿಯಿತು, ಮೋಡ ಸರಿಯಲಿಲ್ಲ. ಬೆಳಕು ಕುಗ್ಗಿದ ಆ ದಿನಗಳಾದ ಮೇಲೆ ಕೊಲ್ಲಿಯ ಗುಳ್ಳೆ ಪಾಚಿ ಥಟ್ಟನೆ ಕುಸಿಯಿತು.

ತೊಟ್ಟಿ ಇಟ್ಟವರು ಮೂರು ದಿನ ದೀಪ ಆರಿಸಿ, ಗಾಜಿಗೆ ಬಟ್ಟೆ ಮುಚ್ಚಿ ಮಾಡುವುದೂ ಅದನ್ನೇ. ಆಹಾರ ಕಡಿಮೆ ಮಾಡಿ ತಿಂಗಳಾದರೂ ಪಾಚಿ ಹೋಗಲಿಲ್ಲವೆಂದು ಕೈಚೆಲ್ಲುವವರಿಗೆ ನಾನು ಕನಿಯೋಹೆಯನ್ನು ನೆನಪಿಸುತ್ತೇನೆ. ತೊಟ್ಟಿಯಲ್ಲಿ ತಡವಾಗಲು ಇನ್ನೂ ಒಂದು ಕಾರಣವಿದೆ. ಬಂಡೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲು. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಾಗ ಅದು ಅಂಟಿಸಿಕೊಳ್ಳುತ್ತದೆ, ಕಡಿಮೆಯಾದಾಗ ನಿಧಾನವಾಗಿ ಬಿಟ್ಟುಕೊಡುತ್ತದೆ. ಹಳೆಯ ಬಾಕಿ ತೀರುವವರೆಗೆ ಕಾಯಲೇಬೇಕು.

ಸಾರ ಕಡಿತಗೊಳಿಸಿದರೆ ಅರ್ಧ ಕೆಲಸವಾದಂತೆ. ಮಿಕ್ಕರ್ಧ, ಮೇಯುವವರದು. ಜಮೈಕಾದ ಹವಳಗಳಿಗೆ ಒದಗಿದ ಗತಿ ನೋಡಿದರೆ ಇದು ಗೊತ್ತಾಗುತ್ತದೆ. ಅಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಹಿಡಿದು ಹಿಡಿದು ಬರಿದು ಮಾಡಿದ್ದರು. ಆಮೇಲೂ ಹವಳ ಉಳಿದಿದ್ದು ಉದ್ದ ಕಪ್ಪು ಮುಳ್ಳಿನ ಡಯಾಡೆಮಾ ಎಂಬ, ಪಾಚಿ ಮೇಯುವ ಸೀ ಅರ್ಚಿನ್‌ಗಳ (ಮುಳ್ಳುಚೆಂಡಿನಂಥ ಕಡಲ ಜೀವಿಗಳ) ದೆಸೆಯಿಂದ. 1983ರಲ್ಲಿ ಪನಾಮಾದ ಬಳಿ ಕಾಣಿಸಿಕೊಂಡ ಕಾಯಿಲೆ ಒಂದೇ ವರ್ಷದಲ್ಲಿ ಕೆರಿಬಿಯನ್ ಕಡಲಿಡೀ ಹರಡಿ ಅವುಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಕೊಂದಿತು. ಜಮೈಕಾದಲ್ಲಿ 1977ರಲ್ಲಿ ಹವಳದ ದಿಬ್ಬಗಳ ಶೇ. 52ರಷ್ಟು ಭಾಗವನ್ನು ಆವರಿಸಿದ್ದ ಜೀವಂತ ಹವಳ 1990ರ ದಶಕದ ಆರಂಭದ ಹೊತ್ತಿಗೆ ಶೇ. 3ಕ್ಕೆ ಇಳಿಯಿತು. ಚಂಡಮಾರುತಗಳ ಪಾಲೂ ಅದರಲ್ಲಿತ್ತು. ಶೇ. 4 ಇದ್ದ ಪಾಚಿ ಮಾತ್ರ ಶೇ. 92ಕ್ಕೆ ಏರಿತ್ತು. ಈ ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸು ಹೋಗಲಿಲ್ಲ. 2022ರಲ್ಲಿ ಅದೇ ಅರ್ಚಿನ್‌ಗಳು ಮತ್ತೆ ಸಾಲುಸಾಲಾಗಿ ಸತ್ತವು. ಈ ಬಾರಿ ಕಾರಣ ಒಂದು ಸೂಕ್ಷ್ಮ ಏಕಕೋಶ ಜೀವಿಯೆಂದು ಮರುವರ್ಷವೇ ಗೊತ್ತಾಯಿತು.

ತೊಟ್ಟಿಯಲ್ಲೂ ಮೇಯುವ ಬಳಗ ಬೇಕು. ಟರ್ಬೊ, ಟ್ರೋಕಸ್ ಜಾತಿಯ ಕಡಲ ಬಸವನಹುಳುಗಳು, ಗುಳ್ಳೆ ಪಾಚಿ ಕೀಳುವ ಹಸಿರು ಎಮೆರಾಲ್ಡ್ ಏಡಿ, ದೊಡ್ಡ ತೊಟ್ಟಿಯಾದರೆ ಟ್ಯಾಂಗ್ ಮೀನು. ಆದರೆ ಉದ್ದ ಬೆಳೆದ ಪಾಚಿಯನ್ನು ಇವು ಅಷ್ಟಾಗಿ ಮುಟ್ಟುವುದಿಲ್ಲ. ಮೊದಲು ನಾವೇ ಕೈಯಿಂದ ಕಿತ್ತು ಚಿಕ್ಕದು ಮಾಡಿಕೊಡಬೇಕು. ಬಂಡೆಯನ್ನು ಹೊರತೆಗೆದು ಕಡಲ ನೀರಿದ್ದ ಬಕೆಟ್ಟಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು ಬೇಸರದ ಕೆಲಸವೇ. ಆದರೆ ಕಿತ್ತ ಪ್ರತಿ ಹಿಡಿಯೂ ಅಷ್ಟು ಫಾಸ್ಫೇಟನ್ನು ಹೊತ್ತುಕೊಂಡು ಹೊರಹೋಗುತ್ತದೆ.

ಔಷಧಿ ಹಾಕುವವರಿಗೆ ಈ ಲೆಕ್ಕ ತಪ್ಪುತ್ತದೆ. ಬ್ರಯಾಪ್ಸಿಸ್ ಎಂಬ ಹಟಮಾರಿ ಪಾಚಿಗೆ ಮನುಷ್ಯರ ಫಂಗಸ್ ಔಷಧಿಯಾದ ಫ್ಲುಕೊನಜೋಲ್ ಬಳಸುವ ರೂಢಿಯಿದೆ, ಕೆಲಸವನ್ನೂ ಮಾಡುತ್ತದೆ. ಆದರೆ ತೊಟ್ಟಿಯೊಳಗೇ ಸತ್ತು ಕೊಳೆತ ಪಾಚಿ ತಾನು ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಸತ್ತದ್ದನ್ನು ಅಂದೇ ಹೊರತೆಗೆಯದಿದ್ದರೆ ಮುಂದಿನ ಪಾಚಿಗೆ ಅದೇ ಊಟ.

ಹಾಗೆಂದು ಎಲ್ಲವನ್ನೂ ನಿಜವಾಗಿ ಸೊನ್ನೆಗೆ ಇಳಿಸಲು ಹೋಗಬೇಡಿ. ನಾನು ಹೋಗಿದ್ದೆ. ಕಬ್ಬಿಣದ ಆಕ್ಸೈಡ್ ತುಂಬಿದ ಫಿಲ್ಟರಿನಿಂದ ಫಾಸ್ಫೇಟನ್ನು ಹಿಂಡಿ ತೆಗೆದೆ. ಹಸಿರು ಹೋಯಿತು, ಅದರ ಜಾಗಕ್ಕೆ ಗುಳ್ಳೆ ಕಟ್ಟಿದ ಕಂದು ಸಿಂಬಳದಂಥದ್ದು ಬಂತು: ಡೈನೋಫ್ಲಜೆಲೇಟ್ ಎಂಬ ಸೂಕ್ಷ್ಮ ಏಕಕೋಶ ಜೀವಿಗಳು. ಬೇರೆಯವರು ಹಸಿವಿನಿಂದ ಸಾಯುವಲ್ಲಿ ಇವು ಬಾಳುತ್ತವೆ. ಕೆಲವು ವಿಷ ಬಿಡುತ್ತವೆ, ತಿಂದ ಬಸವನಹುಳು ಸಾಯುತ್ತದೆ. ನನ್ನ ಹವಳಗಳೂ ಬಿಳಿಚಿಕೊಂಡವು. ಯಾಕೆಂದರೆ ಹವಳದ ಬಣ್ಣದಲ್ಲಿ, ಅದರ ಊಟದಲ್ಲಿ ದೊಡ್ಡ ಪಾಲು ಅದರ ಮೈಯೊಳಗೆ ನೆಲೆಸಿದ ಏಕಕೋಶದ ಪಾಚಿಯದು. ಆ ಒಳಗಿನ ಪಾಚಿಗೂ ಫಾಸ್ಫೇಟ್ ಬೇಕು. ಅದಿಲ್ಲದೆ ಸೊರಗಿದ ಹವಳ ಬಿಸಿಲು, ಸೆಕೆ ತಡೆಯದೆ ಬೇಗ ಬಿಳಿಚಿಕೊಳ್ಳುತ್ತದೆ ಎಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಪಾಚಿಯೆಲ್ಲ ಅಳಿಯಲಿ ಎಂದು ಬಯಸಿದರೆ ಹವಳವೂ ಅಳಿಯುತ್ತದೆ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು: ಬಂಡೆ ಕಟ್ಟುವ ಹವಳಗಳು ಅಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕಡಲಿನಿಂದ ಕಿತ್ತು ತಂದು ಮನೆಯಲ್ಲಿಡುವಂತಿಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೀರಿಗಿಳಿದು, ಅವು ಇರುವಲ್ಲೇ ನೋಡಿ ಬರುವುದು ಒಳ್ಳೆಯದು. ಕಡಲ ಮೀನಿನ ತೊಟ್ಟಿ ಇಟ್ಟವರಿಗೆ ಮಾತ್ರ ಪಾಚಿಯ ಲೆಕ್ಕ ಅಲ್ಲಿಯೂ ಇದೇ.

ಈಗ ನಮ್ಮ ಮನೆಯಲ್ಲಿ ಪಾಚಿಗೆ ಬೇರೆಯದೇ ಜಾಗ ಕೊಟ್ಟಿದ್ದೇನೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಎಡಿ 1980ರ ಸುಮಾರಿಗೆ ಹವಳದ ತೊಟ್ಟಿಯ ನೀರನ್ನು ಜಾಲರಿಯ ಮೇಲೆ ಹರಿಸಿ, ಪ್ರಖರ ಬೆಳಕು ಕೊಟ್ಟು, ಅಲ್ಲಿಯೇ ಪಾಚಿ ಬೆಳೆಸಿ ಕೆರೆದು ತೆಗೆಯುವ ಪದ್ಧತಿ ರೂಪಿಸಿದ್ದರು. ನನ್ನದು ಅದರ ಸರಳ ರೂಪ: ತೊಟ್ಟಿಯ ಕೆಳಗಿನ ಸಂಪಿನಲ್ಲಿ ಕೀಟೊಮಾರ್ಫಾ ಎಂಬ, ತಂತಿಯುಂಡೆಯಂಥ ಪಾಚಿ. ಮೇಲಿನ ದೀಪ ಆರಿದ ಮೇಲೆ ಅದರ ದೀಪ ಹೊತ್ತಿಕೊಳ್ಳುತ್ತದೆ. ರಾತ್ರಿ ನೀರು ಕುಡಿಯಲು ಎದ್ದಾಗ ಕಪಾಟಿನ ಬಾಗಿಲ ಸಂದಿಯಿಂದ ನೇರಳೆ ಬೆಳಕು ನೆಲಕ್ಕೆ ಬಿದ್ದಿರುತ್ತದೆ. ಎರಡು ವಾರಕ್ಕೊಮ್ಮೆ ಅದರಲ್ಲಿ ಅರ್ಧ ಕಿತ್ತು ಹಿಂಡಿ ಹೊರಹಾಕುತ್ತೇನೆ. ಕಳೆದ ಸಲ ಒಂದು ಸೇರಿನಷ್ಟು ಬಂತು.