ಬಂಗುಡೆ, ಬಳಚು ಮತ್ತು ಬ್ಯಾಕ್ಟೀರಿಯಾ: ಒಂದು ಓದಿನ ಟಿಪ್ಪಣಿ

ಮೀನು ತಿಂದು ಆರೋಗ್ಯ ಕೆಟ್ಟಿತು ಅಂದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹೊಟ್ಟೆಗೆ ಹೋದದ್ದು ಜೀವಂತ ಬ್ಯಾಕ್ಟೀರಿಯಾವೋ, ಅದು ಮೀನಿನಲ್ಲಿ ಮೊದಲೇ ಮಾಡಿಟ್ಟ ವಿಷವೋ? ಪರೀಕ್ಷೆಯಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಮೊದಲನೆಯದಕ್ಕೆ ಒಳ್ಳೆ ಉದಾಹರಣೆ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅನ್ನುವ ಬ್ಯಾಕ್ಟೀರಿಯಾ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆಬರೆ ಒಣಗಿಸಿದ ಎಳೆ ಮೀನು, ನಮ್ಮ ತಾರ್ಲೆಯ ಬಳಗದ್ದು, ತಿಂದು 272 ಜನ ಕಾಯಿಲೆ ಬಿದ್ದರು. 20 ಮಂದಿ ತೀರಿಕೊಂಡರು. ಜಪಾನಿನ ವಿಜ್ಞಾನಿ ಫುಜಿನೊ ಈ ಬ್ಯಾಕ್ಟೀರಿಯಾ ಪತ್ತೆ ಮಾಡಿದ್ದು ಆಗಲೇ. ಇದು ಕೊಳಚೆಯಿಂದ ಬಂದದ್ದಲ್ಲ, ಸಮುದ್ರದಲ್ಲೇ ಇರುವಂಥದ್ದು. ಬೆಳೆಯಲು ಉಪ್ಪು ಬೇಕೇ ಬೇಕು. ಕಾಳಿ, ಅಘನಾಶಿನಿ ಅಳಿವೆಗಳಂಥ ಬೆಚ್ಚಗಿನ ಉಪ್ಪುನೀರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಳಚು, ಅಂದರೆ ಎರಡು ಚಿಪ್ಪಿನ ಚಿಪ್ಪುಮೀನು, ನೀರು ಸೋಸಿ ತಿನ್ನುವ ಜೀವಿ, ಅಲ್ವಾ? ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಅದರ ಮೈಯಲ್ಲಿ ಸೇರಿಕೊಳ್ಳುತ್ತದೆ.

ಲ್ಯಾಬಿನಲ್ಲಿ ವಿಬ್ರಿಯೊ ಬೆಳೆಸಲು ಬಳಸುವ ಟಿಸಿಬಿಎಸ್ ಅಗಾರ್ ಮೇಲೆ ಇದರ ಕಾಲೊನಿ ಹಸಿರು, ಕಾಲರಾ ವಿಬ್ರಿಯೊದ್ದು ಹಳದಿ. ಯಾಕೆಂದರೆ ಕಾಲರಾದ್ದು ಅಗಾರ್‌ನಲ್ಲಿರುವ ಸುಕ್ರೋಸ್ ಅನ್ನುವ ಸಕ್ಕರೆಯನ್ನು ಹುದುಗಿಸುತ್ತದೆ, ಇದು ಸಾಮಾನ್ಯವಾಗಿ ಹುದುಗಿಸುವುದಿಲ್ಲ. ಹಸಿರು ಕಂಡ ಕೂಡಲೇ ರೋಗಕಾರಿ ಅಂತ ಬರೆಯಬೇಡಿ. ರೋಗ ತರುವ ವಿಷ ಮಾಡುವ ಟಿಡಿಎಚ್ ಅಥವಾ ಟಿಆರ್‌ಎಚ್ ಜೀನ್ ಇದೆಯಾ ನೋಡಬೇಕು.

ಚೆನ್ನಾಗಿ ಬೇಯಿಸಿದರೆ ಇದು ಸಾಯುತ್ತದೆ. ಬಳಚು ಬಾಯಿ ಬಿಟ್ಟ ತಕ್ಷಣ ಒಲೆಯಿಂದ ಇಳಿಸದೆ ಇನ್ನೂ 3ರಿಂದ 5 ನಿಮಿಷ ಕುದಿಸಬೇಕು.

ಬಂಗುಡೆಯ ಕಥೆಯೇ ಬೇರೆ, ಅದು ಮೊದಲೇ ಮಾಡಿಟ್ಟ ವಿಷದ್ದು. ಅದರ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೊ ಆಮ್ಲ ಜಾಸ್ತಿ. ಐಸ್ ಇಲ್ಲದೆ ಬುಟ್ಟಿಯಲ್ಲಿ ಬಿಸಿಲಿಗೆ ಬಿದ್ದಿದ್ದರೆ ಮಾರ್ಗನೆಲ್ಲಾ ಮಾರ್ಗಾನಿಯಂಥ ಬ್ಯಾಕ್ಟೀರಿಯಾ ಆ ಹಿಸ್ಟಿಡಿನ್ ಅನ್ನು ಹಿಸ್ಟಮೀನ್ ಅನ್ನುವ ವಿಷ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಹುರಿದರೂ ಬ್ಯಾಕ್ಟೀರಿಯಾ ಸಾಯಬಹುದು, ಹಿಸ್ಟಮೀನ್ ಹೋಗುವುದಿಲ್ಲ. ತಿಂದ ಒಂದು ಗಂಟೆಯೊಳಗೇ ಮುಖ ಕೆಂಪಾಗುತ್ತದೆ, ಬಾಯಿ ಉರಿಯುತ್ತದೆ, ತಲೆ ಸಿಡಿಯುತ್ತದೆ. ನೋಡಲು ಥೇಟ್ ಅಲರ್ಜಿ. ಆದರೆ ಯಾವತ್ತೂ ಬಂಗುಡೆ ತಿಂದು ಅರಗಿಸಿಕೊಂಡವರಿಗೇ ಹೀಗಾದರೆ, ಅದೇ ಸಾರು ಉಂಡ ಮನೆಯ ಇನ್ನೊಬ್ಬರಿಗೂ ಆದರೆ, ಮೀನಿನ ಮೇಲೇ ಅನುಮಾನ ಪಡಬೇಕು. ವಿಬ್ರಿಯೊದಲ್ಲಿ ಇಷ್ಟು ಬೇಗ ಆಗುವುದಿಲ್ಲ. ಸಾಮಾನ್ಯವಾಗಿ ಒಂದು ದಿನದೊಳಗೆ ನೀರುನೀರಾದ ಭೇದಿ, ಹೊಟ್ಟೆ ನುಲಿತ ಶುರುವಾಗುತ್ತದೆ.

ಇದೇ ಬಳಗದ ಇನ್ನೊಂದು ಬ್ಯಾಕ್ಟೀರಿಯಾ ವಿಬ್ರಿಯೊ ವಲ್ನಿಫಿಕಸ್ ಅಪರೂಪ, ಆದರೆ ತುಂಬಾ ಅಪಾಯದ್ದು. ಇದು ಗಾಯದಿಂದಲೂ ಒಳಗೆ ಹೋಗುತ್ತದೆ. ಲಿವರ್ ಕಾಯಿಲೆ ಇರುವವರು ಹಸಿ ಚಿಪ್ಪುಮೀನು ತಿನ್ನಲೇಬಾರದು. ಬಳಚು ಬಿಡಿಸುವಾಗ ಕೈ ಕೊಯ್ದುಕೊಂಡು ಆ ಜಾಗ ಬೇಗಬೇಗ ಊದಿಕೊಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಉಪ್ಪುನೀರು ತಾಗಿದೆ ಅಂತ ಹೇಳಿ.