ಹಂದಿಯ ಹಾಲು ಅಳೆದ ಬಗೆ, ನಾಟಿ ತಳಿಯ ಲೆಕ್ಕ

ನಾಟಿ ಹಂದಿಯ ಹಾಲಿನಲ್ಲಿ ಕೊಬ್ಬೆಷ್ಟು, ಪ್ರೋಟೀನ್ ಎಷ್ಟು ಎಂದು ಯಾರಾದರೂ ಕೇಳಿದರೆ, ಈದು ಎಷ್ಟು ಹೊತ್ತಾಯಿತು ಎಂದು ಮೊದಲು ವಿಚಾರಿಸಬೇಕು. ಮರಿ ಹಾಕುವಾಗ ಗಿಣ್ಣುಹಾಲಿನಲ್ಲಿ ಪ್ರೋಟೀನ್ ಶೇ 15ರ ಆಸುಪಾಸು ಇರುತ್ತದೆ. ಕೆಲವು ದಿನ ಕಳೆದರೆ ಅದು ಶೇ 5-6. ಅಷ್ಟರಲ್ಲಿ ಕೊಬ್ಬು ಶೇ 5ರಿಂದ 8-10ರವರೆಗೆ ಏರುತ್ತದೆ, ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ಶೇ 3ರಿಂದ 5 ದಾಟುತ್ತದೆ. ಈ ಅಂಕಿಗಳು ಬಹುಪಾಲು ಲಾರ್ಜ್ ವೈಟ್, ಲ್ಯಾಂಡ್‌ರೇಸ್ ಎಂಬ ವಿದೇಶಿ ಬಿಳಿ ತಳಿಗಳಿಂದ ಬಂದವು. ಏರಿಳಿತದ ದಾರಿ ಮಾತ್ರ ನಾಟಿ ಹಂದಿಗೂ ಅದೇ.

ಮೊದಲ ದಿನದ ಆ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ರೋಗನಿರೋಧಕ ಪ್ರತಿಕಾಯಗಳದ್ದು. ಹಂದಿಯ ಮಾಸು ಅವನ್ನು ಗರ್ಭದ ಮರಿಗೆ ದಾಟಿಸುವುದಿಲ್ಲ. ಮರಿಯ ಕರುಳು ಅವನ್ನು ಹೀರಿಕೊಳ್ಳುವುದು 24ರಿಂದ 36 ಗಂಟೆ ಮಾತ್ರ, ಗಿಣ್ಣಿನಲ್ಲಿ ಅವುಗಳ ಪ್ರಮಾಣವೋ 12 ಗಂಟೆಗೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಒಂದೊಂದು ಮರಿಗೂ 200-250 ಗ್ರಾಂ ಗಿಣ್ಣು ಸಿಗಬೇಕು. ಕೊನೆಗೆ ಹುಟ್ಟಿದ ಸಣ್ಣ ಮರಿ ಸೋಲುವುದು ಇಲ್ಲೇ.

ಹಸುವಿನ ಹಾಲಿನಷ್ಟು ಸುಲಭವಾಗಿ ಹಂದಿಯ ಹಾಲನ್ನು ಅಳೆಯಲಾಗಲಿಲ್ಲ. ಹಂದಿಯ ಕೆಚ್ಚಲಿನಲ್ಲಿ ಹಾಲು ಕೂಡಿಡುವ ಚೀಲವಿಲ್ಲ. ಗಂಟೆಗೊಮ್ಮೆ ತೊರೆ ಬಿಟ್ಟರೂ ಹಾಲು ಹರಿಯುವುದು 10-20 ಸೆಕೆಂಡು. 1953ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿನ್ಸೆಂಟ್ ಡು ವಿನ್ಯೊ, ತೊರೆ ಬಿಡಿಸುವ ಹಾರ್ಮೋನಾದ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ಕೆಲಸ ಹಗುರವಾಯಿತು. ಮರಿಗಳನ್ನು ಮುಕ್ಕಾಲು ಗಂಟೆ ಬೇರೆಯಿಟ್ಟು, ತೊಟ್ಟು ತೊಳೆದು, ಕಿವಿಯ ರಕ್ತನಾಳಕ್ಕೆ ಸುಮಾರು 10 ಯೂನಿಟ್ ಚುಚ್ಚಿ, ಮುಂದಿನ, ನಡುವಿನ, ಹಿಂದಿನ ತೊಟ್ಟುಗಳ ಹಾಲನ್ನು ಬೆರೆಸಿ ಮಾದರಿ ತೆಗೆಯುತ್ತಾರೆ. ಹಸುವಿನ ಹಾಲಿಗೆ ಹೊಂದಿಸಿದ ಯಂತ್ರಕ್ಕೆ ಅದನ್ನು ಹಾಗೆಯೇ ಹಾಕಿದರೆ ಅಂಕಿ ತಪ್ಪುತ್ತದೆ, ಏಕೆಂದರೆ ಕೊಬ್ಬು ಅದರ ಅಳತೆಯನ್ನೇ ಮೀರಿರುತ್ತದೆ.

1989ರಲ್ಲಿ ಚೀನಾದ ಮೇಯ್‌ಶಾನ್ ಹಂದಿಗಳು ಅಮೆರಿಕಕ್ಕೆ ಹೋದವು. ಅಲ್ಲಿನ ತಳಿಗಳ ಜೊತೆಗಿಟ್ಟು ನೋಡಿದಾಗ ಮೇಯ್‌ಶಾನ್ ಹಾಲಿನಲ್ಲಿ ಕೊಬ್ಬು ಹೆಚ್ಚಿತ್ತು. ನಮ್ಮ ಉತ್ತರ ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ಗೋವಾದ ಅಗೊಂಡಾ ಗೋವನ್ ತಳಿಗಳನ್ನೂ ಹೀಗೆಯೇ ಒಂದೇ ಕೊಟ್ಟಿಗೆಯಲ್ಲಿ, ಒಂದೇ ಮೇವಿನಲ್ಲಿ, ಸಮಸಂಖ್ಯೆಯ ಮರಿಗಳೊಂದಿಗೆ ಇಟ್ಟು ನೋಡಬೇಕು. ಹಾಲಿನ ಕೊಬ್ಬು ತಾಯಿಯ ಮೈಕೊಬ್ಬಿಗೂ ಮೇವಿಗೂ ತಕ್ಕಂತೆ ಬದಲಾಗುತ್ತದೆ, ಲ್ಯಾಕ್ಟೋಸ್ ಅಷ್ಟಾಗಿ ಅಲುಗದು. ತೌಡು, ಅಡುಗೆಮನೆಯ ಮುಸುರೆ ತಿಂದ ನಾಟಿ ಹಂದಿಯನ್ನು ಮಿಶ್ರ ಆಹಾರ ತಿಂದ ಬಿಳಿ ಹಂದಿಗೆ ಹೋಲಿಸಿದರೆ ಅಳೆದದ್ದು ಮೇವನ್ನೇ ಹೊರತು ತಳಿಯನ್ನಲ್ಲ.

ಯಾವ ತಳಿಯ ಹಾಲಿನಲ್ಲೂ ಕಬ್ಬಿಣ ಕಡಿಮೆಯೇ. ಮರಿಗೆ ದಿನಕ್ಕೆ 7 ಮಿಲಿಗ್ರಾಂ ಬೇಕು, ಹಾಲಿನಿಂದ ಸಿಗುವುದು ಸುಮಾರು 1. ಮರಿಗಳ ರಕ್ತಹೀನತೆಗೆ ಇದೇ ಕಾರಣವೆಂದು ಸಂಶೋಧಕರಾದ ಮ್ಯಾಕ್‌ಗವನ್ ಮತ್ತು ಕ್ರೈಟನ್ 1920ರ ದಶಕದಲ್ಲಿ ತೋರಿಸಿದರು. ಮಣ್ಣು ಕೆದಕಿ ಬೆಳೆದ ನಾಟಿ ಮರಿಗೆ ಈ ಕೊರತೆ ತಟ್ಟುತ್ತಿರಲಿಲ್ಲ. ಕಾಂಕ್ರೀಟ್ ನೆಲಕ್ಕೆ ತಂದ ಮೇಲೆ ಅದಕ್ಕೂ ಮೂರನೇ ದಿನ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ಬೇಕೇ ಬೇಕು.

ತಾಯಿ ಸತ್ತ ಮರಿಗೆ ಹಸುವಿನ ಹಾಲು ಕೊಡುವಾಗ ನೀರು ಬೆರೆಸಬಾರದು. ಹಂದಿಯ ಹಾಲಿನ ಘನಾಂಶ ಶೇ 18-20, ಹಸುವಿನದು ಶೇ 12-13 ಅಷ್ಟೇ. ಸಕ್ಕರೆಯನ್ನೂ ಹಾಕಬಾರದು. ಮೊದಲ ವಾರ ಮರಿಯ ಕರುಳಿಗೆ ಅದನ್ನು ಒಡೆಯುವ ಕಿಣ್ವವಿರುವುದಿಲ್ಲ, ಭೇದಿ ಹತ್ತಿಕೊಳ್ಳುತ್ತದೆ.