ಫಾರ್ಮ್ 8606 ನೋಡದೆ ತೆರಿಗೆ ರಿಟರ್ನ್ ಕಳಿಸಬೇಡಿ

ಬ್ಯಾಕ್‌ಡೋರ್ ರಾತ್ ಮಾಡುವುದು, ಅಂದರೆ ಅಮೆರಿಕದಲ್ಲಿ ಮೊದಲೇ ತೆರಿಗೆ ಕಟ್ಟಿದ ಹಣ ಹಾಕುವ ರಾತ್ ಎಂಬ ನಿವೃತ್ತಿ ಖಾತೆಗೆ (ಐಆರ್‌ಎ) ಸುತ್ತುದಾರಿಯಿಂದ ಹಣ ಸೇರಿಸುವುದು, ಹತ್ತು ನಿಮಿಷದ ಕೆಲಸ. ಟ್ರೆಡಿಷನಲ್ ಐಆರ್‌ಎಗೆ 7,000 ಡಾಲರ್ (2025ರ ಮಿತಿ) ಹಾಕಿ, ದುಡ್ಡು ಜಮೆಯಾದ ಮೇಲೆ ರಾತ್ ಐಆರ್‌ಎಗೆ ವರ್ಗಾಯಿಸಿದರೆ ಮುಗಿಯಿತು. ಅದನ್ನೇ ತೆರಿಗೆ ಸಾಫ್ಟ್‌ವೇರಿಗೆ ತಿಳಿಸಿ ಹೇಳುವಾಗ ಎಡವಟ್ಟಾಗುತ್ತದೆ. ಅಮೆರಿಕದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಕನ್ನಡಿಗರ ಮನೆಗಳಲ್ಲಿ 2025ರ ಜಂಟಿ ಆದಾಯ 2 ಲಕ್ಷ 46 ಸಾವಿರ ಡಾಲರ್ ಮುಟ್ಟಿದ್ದರೆ ನೇರವಾಗಿ ರಾತ್‌ಗೆ ಹಾಕುವಂತಿಲ್ಲ. ಹಾಗಾಗಿ ಈ ಹಿಂಬಾಗಿಲು. ತಪ್ಪಿ ನಮೂದಿಸಿದರೆ ಒಮ್ಮೆ ತೆರಿಗೆ ಕಟ್ಟಿದ ಹಣಕ್ಕೇ ಇನ್ನೊಮ್ಮೆ ಕಟ್ಟುತ್ತೀರಿ, ಅದೂ ಗೊತ್ತೇ ಆಗದ ಹಾಗೆ. ತಪ್ಪು ಗೊತ್ತಾಗುವುದು ಈ ಹಣದ ಲೆಕ್ಕ ಇಡುವ ಫಾರ್ಮ್ 8606ರಲ್ಲಿ.

ಇಲ್ಲಿ ನಡೆದದ್ದು ಎರಡು ಬೇರೆ ವ್ಯವಹಾರ: ಒಂದು ಟ್ರೆಡಿಷನಲ್‌ಗೆ ಜಮೆ, ಇನ್ನೊಂದು ಅಲ್ಲಿಂದ ರಾತ್‌ಗೆ ಪರಿವರ್ತನೆ. ಸಾಫ್ಟ್‌ವೇರಿನಲ್ಲಿ ಜಮೆಯ ಜಾಗ ಕಡಿತಗಳ (ಡಿಡಕ್ಷನ್) ಭಾಗ. ಪರಿವರ್ತನೆಯದು ಆದಾಯದ ಭಾಗ. ಪರಿವರ್ತನೆಗೆ 1099-ಆರ್ ಎಂಬ ಕಾಗದ ಜನವರಿ ಫೆಬ್ರವರಿಯಲ್ಲೇ ಬರುತ್ತದೆ. ಜಮೆಗೆ ಬರುವ 5498 ಎಂಬ ಕಾಗದ ಕೈಸೇರುವುದು ಮೇ ತಿಂಗಳಲ್ಲಿ, ರಿಟರ್ನ್ ಹೋದ ಮೇಲೆ. ಕೈಯಲ್ಲಿ ಕಾಗದ ಇದ್ದದ್ದನ್ನು ಟೈಪ್ ಮಾಡುತ್ತೇವೆ, ಇಲ್ಲದ್ದನ್ನು ಮರೆಯುತ್ತೇವೆ. ಅರ್ಧಕ್ಕರ್ಧ ತಪ್ಪು ಹುಟ್ಟುವುದು ಇಲ್ಲೇ.

1099-ಆರ್ ನೋಡಿದ ಕೂಡಲೇ ಗಾಬರಿಯಾಗುವುದು ಸಹಜ. ಬಾಕ್ಸ್ 1ರಲ್ಲಿ 7,000, ತೆರಿಗೆಗೆ ಒಳಪಡುವ ಮೊತ್ತ ಎನ್ನುವ ಬಾಕ್ಸ್ 2ಎಯಲ್ಲೂ 7,000! ಪಕ್ಕದ 2ಬಿಯಲ್ಲಿ 'ತೆರಿಗೆಗೆ ಒಳಪಡುವ ಮೊತ್ತ ನಿರ್ಧರಿಸಿಲ್ಲ' ಎಂಬ ಟಿಕ್ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ನೀವು ಹಾಕಿದ ಹಣಕ್ಕೆ ಕಡಿತ ಪಡೆದಿರೋ ಇಲ್ಲವೋ ಖಾತೆ ನೋಡಿಕೊಳ್ಳುವ ಬ್ರೋಕರೇಜಿಗೆ ತಿಳಿಯುವ ದಾರಿಯಿಲ್ಲ, ಅದಕ್ಕೇ ಪೂರ್ತಿ ಮೊತ್ತ ಬರೆದು ಕೈತೊಳೆದುಕೊಳ್ಳುತ್ತದೆ. ಆ 2ಎಯನ್ನು ನೀವೇ ಸೊನ್ನೆ ಮಾಡಲು ಹೋಗಬೇಡಿ. ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ, ಐಆರ್‌ಎ ಎಂಬ ಚೌಕಕ್ಕೂ ಟಿಕ್ ಹಾಕಿ. ಬಾಕ್ಸ್ 7ರಲ್ಲಿ ವಯಸ್ಸು 59½ ದಾಟದವರಿಗೆ ಸಾಮಾನ್ಯವಾಗಿ 2, ದಾಟಿದವರಿಗೆ 7 ಇರುತ್ತದೆ. ಬಾಕ್ಸ್ 4 ಖಾಲಿ ಇರಬೇಕು. ಅಲ್ಲಿ ಅಂಕಿಯಿದ್ದರೆ ಅಷ್ಟು ಹಣ ತೆರಿಗೆಗೆಂದು ಮುರಿದುಕೊಂಡು ಹೋಗಿದೆ, ರಾತ್ ಸೇರಿಲ್ಲ ಎಂದರ್ಥ.

ಮುಂದಿನ ಪರದೆ 'ಈ ಹಣವನ್ನು ಏನು ಮಾಡಿದಿರಿ' ಎನ್ನುತ್ತದೆ. ಬೇರೆ ನಿವೃತ್ತಿ ಖಾತೆಗೆ ಸಾಗಿಸಿದೆ, ಅಷ್ಟನ್ನೂ ರಾತ್‌ಗೆ ಪರಿವರ್ತಿಸಿದೆ ಎನ್ನುವುದೇ ಉತ್ತರ. ಬರೀ 'ರೋಲೋವರ್' (ಅದೇ ಬಗೆಯ ಖಾತೆಗೆ ಸಾಗಣೆ) ಎಂದು ಆರಿಸಿದರೆ ಪರಿವರ್ತನೆಯೇ ಮಾಯವಾಗುತ್ತದೆ. ಈ ಹಂತದಲ್ಲಿ ಮೇಲಿನ ಮೂಲೆಯ ರಿಫಂಡ್ ಅಂಕಿ ಧಡಕ್ಕನೆ ಇಳಿದರೆ ಹೆದರಬೇಡಿ. 24 ಶೇಕಡ ಹಂತದವರಿಗೆ ಸುಮಾರು 1,680 ಡಾಲರ್ ಇಳಿಯುತ್ತದೆ. ಜಮೆ ನಮೂದಿಸಿದ ಮೇಲೆ ಅಷ್ಟೂ ವಾಪಸ್ ಏರಬೇಕು. ಏರಲಿಲ್ಲವೆಂದರೆ ಆಗ ಹುಡುಕಿ.

ಜಮೆಯ ಭಾಗದಲ್ಲಿ ಟ್ರೆಡಿಷನಲ್ ಐಆರ್‌ಎ ಆರಿಸಿ 7,000 ಹಾಕಿ. 50 ತುಂಬಿದವರಿಗೆ 2025ರ ಮಿತಿ 8,000. ಇದಾದ ಮೇಲೆ ಒಂದು ಮೋಸದ ಪ್ರಶ್ನೆ ಬರುತ್ತದೆ: ಮನಸ್ಸು ಬದಲಾಯಿಸಿ ಈ ಜಮೆಯನ್ನು ರಾತ್‌ಗೆ ಬದಲಿಸಿದಿರಾ? ಹೌದಲ್ಲ, ರಾತ್‌ಗೇ ತಾನೆ ಹೋದದ್ದು ಎಂದು ಕೈ 'ಹೌದು' ಒತ್ತಿಬಿಡುತ್ತದೆ. ಅಲ್ಲ! ಅದು ಕೇಳುತ್ತಿರುವುದು ರೀಕ್ಯಾರಕ್ಟರೈಸೇಷನ್ ಬಗ್ಗೆ, ಅಂದರೆ ಮೊದಲಿನಿಂದಲೂ ಅದು ರಾತ್ ಜಮೆಯೇ ಆಗಿತ್ತು ಎಂದು ಪರಿಗಣಿಸುವ ಬೇರೆಯೇ ಕ್ರಮ. ನೀವು ಮಾಡಿದ್ದು ಪರಿವರ್ತನೆ, ಆದ್ದರಿಂದ ಉತ್ತರ 'ಇಲ್ಲ'. 'ಹೌದು' ಎಂದರೆ ನಿಮ್ಮ ಆದಾಯಕ್ಕೆ ರಾತ್ ಜಮೆ ಸಲ್ಲದು ಎಂದು ಸಾಫ್ಟ್‌ವೇರ್ 6 ಶೇಕಡ ಹೆಚ್ಚುವರಿ ಜಮೆಯ ತೆರಿಗೆ ಹೇರುತ್ತದೆ. ರಿಟರ್ನಿನಲ್ಲಿ ಎಲ್ಲಿಂದಲೋ 420 ಡಾಲರ್ ಕಾಣಿಸಿಕೊಂಡರೆ ತಪ್ಪು ಇದೇ ಎಂದು ಪಣ ಕಟ್ಟಿ ಹೇಳಬಹುದು.

ಎಲ್ಲ ಮುಗಿದ ಮೇಲೆ ಪರದೆಗಳನ್ನು ನಂಬದೆ ಫಾರ್ಮ್ 8606 ತೆರೆಯಿರಿ. ಜನವರಿಯಲ್ಲಿ ಹಾಕಿದ 7,000 ನಾಲ್ಕು ದಿನ ಕೂತು 12 ಡಾಲರ್ ಗಳಿಸಿತು, 7,012 ಪರಿವರ್ತಿಸಿದಿರಿ ಎನ್ನೋಣ. ಸಾಲು 1ರಲ್ಲಿ 7,000, ಸಾಲು 14ರಲ್ಲಿ ಸೊನ್ನೆ ಇರಬೇಕು. 16ರಲ್ಲಿ ಪರಿವರ್ತಿಸಿದ 7,012, 17ರಲ್ಲಿ ತೆರಿಗೆ ಬೀಳದ 7,000, 18ರಲ್ಲಿ ತೆರಿಗೆ ಬೀಳುವ 12. ಇದೇ ಮುಖ್ಯ ರಿಟರ್ನ್ ಫಾರ್ಮ್ 1040ರ ಸಾಲು 4ಎಯಲ್ಲಿ 7,012 ಆಗಿ, 4ಬಿಯಲ್ಲಿ 12 ಆಗಿ ಇಳಿಯಬೇಕು. 6ರಿಂದ 12ರವರೆಗಿನ ಸಾಲುಗಳು ಖಾಲಿಯಿದ್ದು 13ರ ಪಕ್ಕ ನಕ್ಷತ್ರ ಚಿಹ್ನೆ ಇದ್ದರೂ ತಪ್ಪಲ್ಲ. ಕೆಲವು ಸಾಫ್ಟ್‌ವೇರ್ ಆ ಲೆಕ್ಕವನ್ನು ಬೇರೆ ವರ್ಕ್‌ಶೀಟಿನಲ್ಲಿ ಮಾಡುತ್ತದೆ. ತೆರಿಗೆ ಕಟ್ಟಿದ ಭಾಗದ ಅನುಪಾತಕ್ಕೆ ದಶಮಾಂಶ ಮೂರೇ ಸ್ಥಾನ ಹಿಡಿದರೆ 12ರ ಬದಲು 14 ತೆರಿಗೆಗೆ ಬಂದು, ಸಾಲು 14ರಲ್ಲಿ 2 ಡಾಲರ್ ಉಳಿಯುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡಿಸೆಂಬರ್ 31ರ ಬಾಕಿ (ಖಾತೆಯಲ್ಲಿ ಉಳಿದ ಹಣ) ಎಷ್ಟು ಎಂದು ಕೇಳುವಲ್ಲಿ ರಾತ್ ಖಾತೆಯ ಬಾಕಿ ಬರೆಯುವವರಿದ್ದಾರೆ. ಬೇಕಾದದ್ದು ಟ್ರೆಡಿಷನಲ್ ಮತ್ತು ಉದ್ಯೋಗದ ಮೂಲಕ ತೆರೆಯುವ ಸೆಪ್, ಸಿಂಪಲ್ ಐಆರ್‌ಎಗಳ ಒಟ್ಟು ಬಾಕಿ. ಕಂಪನಿಯ ನಿವೃತ್ತಿ ಖಾತೆಯಾದ 401(ಕೆ) ಇದರಲ್ಲಿ ಸೇರದು. ಹಳೇ ಕಂಪನಿಯ 401(ಕೆ)ಯನ್ನು ರೋಲೋವರ್ ಐಆರ್‌ಎಗೆ ತಂದು ಮರೆತವರಿಗೆ ಮಾತ್ರ ಇಲ್ಲಿ ನಿಜವಾದ ಪೆಟ್ಟು. ಅಲ್ಲಿ 93,000 ಇದೆ ಎಂದುಕೊಳ್ಳಿ. 7,000 ಹೊಸದಾಗಿ ಹಾಕಿ ಅಷ್ಟನ್ನೇ ಪರಿವರ್ತಿಸಿದರೂ ಕಾನೂನು ಒಟ್ಟು ಒಂದು ಲಕ್ಷವನ್ನು ಒಂದೇ ಪಾತ್ರೆಯ ಸಾರಿನಂತೆ ನೋಡುತ್ತದೆ. ತೆರಿಗೆ ಕಟ್ಟಿದ ಭಾಗ 7 ಶೇಕಡ. ಹಾಗಾಗಿ 490 ಡಾಲರಿಗೆ ಮಾತ್ರ ವಿನಾಯಿತಿ, 6,510ಕ್ಕೆ ತೆರಿಗೆ. ಉಳಿದ 6,510 ಸಾಲು 14ರಲ್ಲಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಬಾಕಿಯನ್ನು ಸೊನ್ನೆ ಎಂದು ಬರೆದರೆ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ, ಆದರೆ ನಿಜವಾದ ಬಾಕಿ 5498ರ ಬಾಕ್ಸ್ 5ರಲ್ಲಿ ತೆರಿಗೆ ಇಲಾಖೆಯಾದ ಐಆರ್‌ಎಸ್ ಮುಂದಿರುತ್ತದೆ. ಸರಿಯಾದ ದಾರಿ, ಈಗಿನ ಕಂಪನಿಯ 401(ಕೆ) ಒಪ್ಪಿದರೆ ಆ 93,000ವನ್ನು ಡಿಸೆಂಬರ್ 31ರೊಳಗೆ ಅಲ್ಲಿಗೆ ಸಾಗಿಸುವುದು.

ಜಂಟಿ ರಿಟರ್ನಿನಲ್ಲೂ 8606 ಇಬ್ಬರದ್ದೂ ಬೇರೆ ಬೇರೆ. ಎರಡೂ 1099-ಆರ್ ಗಂಡನ ಹೆಸರಿಗೇ ಬಿದ್ದರೆ ಅವನ ಫಾರ್ಮಿನಲ್ಲಿ 14,000 ಪರಿವರ್ತನೆ, 7,000 ಜಮೆ ಎಂದಾಗಿ ಮಿಕ್ಕ 7,000ಕ್ಕೆ ತೆರಿಗೆ ಬೀಳುತ್ತದೆ. ಅವಲಂಬಿತರ ಎಚ್-4 ವೀಸಾದಲ್ಲಿ ಕೆಲಸವಿಲ್ಲದೆ ಇರುವ ಸಂಗಾತಿಯ ಹೆಸರಲ್ಲೂ ಜಂಟಿ ರಿಟರ್ನಿನ ಬಲದಿಂದ ಜಮೆ ಮಾಡಬಹುದು, ಅದಕ್ಕೂ ಪ್ರತ್ಯೇಕ 8606 ಬೇಕು.

ಎರಡು ವರ್ಷಕ್ಕೆ ಹರಡಿದ್ದು ಇನ್ನೊಂದು ತೊಡಕು. 2024ರ ಜಮೆಯನ್ನು 2025ರ ಮಾರ್ಚಿನಲ್ಲಿ ಮಾಡಿ ಆಗಲೇ ಪರಿವರ್ತಿಸಿದರೆ, ಜಮೆ 2024ರ ರಿಟರ್ನಿಗೆ, ಪರಿವರ್ತನೆ 2025ರದ್ದಕ್ಕೆ. 2024ರಲ್ಲಿ 1099-ಆರ್ ಇರುವುದೇ ಇಲ್ಲ. 8606ರ ಸಾಲು 1, 3 ಮತ್ತು 14ರಲ್ಲಿ 7,000 ಇದ್ದರೆ ಸಾಕು. ಆ ಅಂಕಿ 2025ರ 8606ರ ಸಾಲು 2ಕ್ಕೆ ಬರಬೇಕು. ಸಾಫ್ಟ್‌ವೇರ್ ಬದಲಿಸಿದವರಿಗೆ ಅದು ತಾನಾಗಿ ಬರುವುದಿಲ್ಲ, ಹಿಂದಿನ ವರ್ಷಗಳ 'ಬೇಸಿಸ್' (ತೆರಿಗೆ ಕಟ್ಟಿಯಾದ ಹಣ) ಎಷ್ಟು ಎಂದು ಕೇಳುವಲ್ಲಿ ಕೈಯಾರೆ ಹಾಕಬೇಕು. 2025ರ ಜಮೆಯನ್ನೂ ಸೇರಿಸಿ ಅದೇ ವರ್ಷ 14,000 ಪರಿವರ್ತಿಸಿದರೂ ಅಡ್ಡಿಯಿಲ್ಲ. ಜಮೆಗೆ ಮಿತಿಯಿದೆ, ಪರಿವರ್ತನೆಗಿಲ್ಲ.

ಹಳೆಯ ವರ್ಷದ 8606 ಬಿಟ್ಟುಹೋಗಿದ್ದು, ಕಡಿತವನ್ನೂ ಪಡೆದಿಲ್ಲವಾದರೆ, ಆ ವರ್ಷದ ಫಾರ್ಮನ್ನೇ ತುಂಬಿ ಸಹಿ ಹಾಕಿ ಒಂಟಿಯಾಗಿ ಅಂಚೆಯಲ್ಲಿ ಕಳಿಸಬಹುದು. ದಂಡ 50 ಡಾಲರ್. ಪರಿವರ್ತನೆಗೆ ಆಗಲೇ ತೆರಿಗೆ ಕಟ್ಟಿಬಿಟ್ಟಿದ್ದರೆ ತಿದ್ದುಪಡಿ ರಿಟರ್ನ್ 1040-ಎಕ್ಸ್ ಬೇಕು, ಮರುಪಾವತಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಬೆಂಗಳೂರಿಗೆ ಮರಳಿ ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಸಲ್ಲಿಸುವವರಿಗೂ ಇದೇ 8606. ಊರಿಗೆ ಪೆಟ್ಟಿಗೆ ಕಟ್ಟುವಾಗ ಕೊನೆಯ 8606ರ ಪ್ರತಿಯನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ.